ನನ್ನ ಕೊಲೆಯ ಟ್ರೇಲರ್

ಸಂಶಯಪಡುವವರ ಬಗ್ಗೆ ಲೋಕಕ್ಕೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಧೈರ್ಯವಂತರಿಗೆ ಶಾಲು ಹೊದಿಸುತ್ತಾರೆ, ಉದಾರಿಗಳ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಆದರೆ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ಮನೆಗೆ ವಾಪಸು ಓಡಿಬಂದವನಿಗೆ ಯಾರಾದರೂ ಒಂದು ಹಾರ ಹಾಕಿದ್ದನ್ನು ನಾನು ಕಂಡಿಲ್ಲ. ನನಗೆ ಮಾತ್ರ ಹಾರ ಬಿತ್ತು. ಅದು ಕೊರಳಿಗೆ ಬೀಳದೆ ಫೋಟೋಕ್ಕೆ ಬಿತ್ತು ಎನ್ನುವುದಷ್ಟೇ ನನ್ನ ತಕರಾರು.

ನಾನು ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸಿಮೆಂಟಿನ ಗಟ್ಟಿಗಳನ್ನು ಎರಕ ಹೊಯ್ದು, ನೀರಿನಲ್ಲಿ ನೆನೆಯಿಟ್ಟು, ಆಮೇಲೆ ಯಂತ್ರದ ದವಡೆಗೆ ಕೊಟ್ಟು, ಎಷ್ಟು ಒತ್ತಿದರೆ ಒಡೆಯುತ್ತದೆ ಎಂದು ನೋಡುವುದು ನನ್ನ ಉದ್ಯೋಗ. ಅಂದರೆ ಸಂಶಯಪಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಅದನ್ನು ಮುಂದುವರಿಸಿದರೆ ನನ್ನ ಹೆಂಡತಿ ಮಹಾದೇವಿ ಅದನ್ನು ಓವರ್‌ಟೈಮ್ ಎನ್ನುತ್ತಾಳೆ. ನಮ್ಮ ಮುಂಬಾಗಿಲನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ನೆಲಕ್ಕೆ ಹಾಸುವುದು ಶಹಾಬಾದಿನ ಕಲ್ಲು, ಪರಸಿ ಎನ್ನುತ್ತೇವೆ. ಹಳೆಯ ಪರಸಿ ಕಿತ್ತು ಹೊಸದು ಹಾಸಿದಾಗ ನೆಲ ತುಸು ತಗ್ಗಿ, ಬಾಗಿಲ ಕೆಳಗೆ ಅಂಗೈ ತೂರುವಷ್ಟು ಸಂದಿ ಉಳಿದುಬಿಟ್ಟಿತು. ಆ ಸಂದಿಯಿಂದ ಒಳಗೆ ಬರಬಹುದಾದ ಚೇಳು, ಜರಿ, ಹಾವುಗಳ ಬಗ್ಗೆ ನಾನು ಯೋಚಿಸಿದಷ್ಟು ಸ್ವತಃ ಆ ಪ್ರಾಣಿಗಳೂ ಯೋಚಿಸಿರಲಿಕ್ಕಿಲ್ಲ. ಒಂದು ಗೋಣಿಚೀಲವನ್ನು ಸುರುಳಿ ಸುತ್ತಿ ಅಲ್ಲಿ ತುರುಕಿದ್ದೆ. ಮನೆಯಲ್ಲಿ ಏನು ಬೇಕಾದರೂ ಕದಲಲಿ, ಆ ಚೀಲ ಕದಲಬಾರದು ಎಂಬುದು ನನ್ನ ಕಾನೂನು. ಈ ಚೀಲವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅದನ್ನು ತೆಗೆದದ್ದರಿಂದ.

ನಮ್ಮ ಮಗಳು ಅಶ್ವಿನಿ ದಿನಾ ಪ್ಯಾಸೆಂಜರ್ ರೈಲು ಹಿಡಿದು ಸೇಡಮ್ಮಿನ ಕಾಲೇಜಿಗೆ ಹೋಗಿ ಪತ್ರಿಕೋದ್ಯಮ ಓದುತ್ತಾಳೆ. ಒಂದು ಸಂಜೆ ಅವಳು ಕೇಳದೇ ಚಹಾ ಮಾಡಿಕೊಂಡು ಬಂದು ನನ್ನ ಮುಂದಿಟ್ಟಳು. ಕೇಳದೇ ಬಂದ ಚಹಾವನ್ನು ನಾನು ಸುಮ್ಮನೆ ಕುಡಿಯುವವನಲ್ಲ. ಬಸಿಯಲ್ಲಿ ಹಾಕಿ, ಆರಿಸಿ, ಅವಳ ಮುಖ ನೋಡಿದೆ.

"ಅಪ್ಪಾ, ನಿಂದೊಂದು ಫೋಟೋ ಬೇಕಾಗ್ಯದ."

"ಯಾಕ?"

"ಕಾಲೇಜಿಂದು ಕೆಲಸ ಅದ."

"ಕಾಲೇಜಿಗಿ ನಿನ್ನ ಫೋಟೋ ಬೇಕು. ನಂದ್ಯಾಕ ಬೇಕು? ಏನರ ಗಲಾಟಿ ಮಾಡ್ಕೊಂಡಿ ಏನು?"

"ಇಲ್ಲಪ್ಪಾ. ನಿನ್ನ ಕೊಲಿ ಆಗ್ಯದ."

ವಿಷಯ ಇಷ್ಟು. ಅವಳ ತರಗತಿಯವರು ಗುಂಪು ಗುಂಪಾಗಿ ಒಂದೊಂದು ಅಪರಾಧ ಚಿತ್ರದ ಟ್ರೇಲರ್ ಮಾಡಬೇಕು, ತಾವೇ ಅದರ ಪ್ರಚಾರವನ್ನೂ ಮಾಡಬೇಕು. ಬರುವ ಶನಿವಾರ ಕಾಲೇಜಿನ ಸಭಾಂಗಣದಲ್ಲಿ ಎಲ್ಲವನ್ನೂ ತೋರಿಸುತ್ತಾರೆ. ಸಿನಿಮಾ ಎಲ್ಲಿದೆ ಎಂದು ಕೇಳಿದೆ. ಸಿನಿಮಾ ಇಲ್ಲ, ಟ್ರೇಲರ್ ಅಷ್ಟೇ ಎಂದಳು. ಲಗ್ನ ಗೊತ್ತಾಗದೆ ಬರೀ ಲಗ್ನಪತ್ರಿಕೆ ಹಂಚಿದ ಹಾಗಾಯಿತಲ್ಲ ಎಂದೆ. ಹಾಗೇ ಎಂದು ಒಪ್ಪಿಕೊಂಡಳು. ಯಾರ ಪತ್ರಿಕೆ ಚೆನ್ನಾಗಿದೆಯೋ ಅವರ ಲಗ್ನವನ್ನು ಕಾಲೇಜು ಮಾಡಿಸುತ್ತದೆ, ಎಂದರೆ ಗೆದ್ದ ಗುಂಪಿಗೆ ಕ್ಯಾಮೆರಾ ಗಿಮೆರಾ ಕೊಟ್ಟು ಪೂರ್ತಿ ಸಿನಿಮಾ ಮಾಡಿಸುತ್ತಾರೆ. ಒಂದೇ ಒಂದು ಷರತ್ತು. ಕೊಲೆ ಮಾಡಿದವರು ಯಾರೆಂದು ಗುಂಪಿನ ಮುಂದಾಳು ತೀರ್ಪುಗಾರರ ಕಿವಿಯಲ್ಲಿ ಹೇಳಬೇಕು. ಹೇಳಲು ಬರದಿದ್ದರೆ, ಅಥವಾ ಹೇಳಿದ್ದು ಅವರಿಗೆ ನಂಬುವಂತೆ ಕಾಣದಿದ್ದರೆ, ಟ್ರೇಲರ್ ಎಷ್ಟೇ ಚೆನ್ನಾಗಿರಲಿ, ಹೊರಗೆ.

"ನಮ್ಮ ಗುಂಪಿಗಿ ನಾನೇ ಮುಂದಾಳು," ಎಂದಳು ಅಶ್ವಿನಿ. "ಉಳದ ಗುಂಪಿನ ಹುಡುಗರು ನಗ್ಲಿಕತ್ತಾರ. ಈ ಹುಡುಗಿ ಕೊಲಿ ಮಾಡಸ್ತಾಳಂತ, ಮೊದಲ ಒಂದು ಇಲಿ ಹೊಡದು ತೋರಿಸಲಿ ಅಂತಾರ. ನಂಗ ಈ ಸಿನಿಮಾ ಮಾಡಬೇಕಪ್ಪಾ."

ಅವಳು ಹಾಗೆ ಬೇಡಿದ್ದು ಕಡಿಮೆ. ಫೋಟೋ ಕೊಟ್ಟೆ. ಕೊಡುವ ಮೊದಲು ಕತೆ ಕೇಳಿದೆ. ಟ್ರೇಲರಿನ ಹೆಸರು 'ಪರಸಿ ಕೆಳಗ'. ಗುರುನಾಥ ಎಂಬ ನಡುವಯಸ್ಸಿನ ಒಬ್ಬ ಮನುಷ್ಯ. ಎಲ್ಲರ ಮೇಲೂ ಸಂಶಯ. ಹಾಲು ಮೂಸಿ ನೋಡುತ್ತಾನೆ, ಕೀಲಿ ಜಗ್ಗಿ ನೋಡುತ್ತಾನೆ, ಆಟೋದವನ ಮುಖ ನೋಡಿ ಆಟೋ ಹತ್ತುತ್ತಾನೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತಾನೆ. ರಾವೂರ ಕಡೆಯ ಪಾಳುಬಿದ್ದ ಕಲ್ಲಿನ ಗಣಿಯ ದಂಡೆಯಲ್ಲಿ ಅವನ ರಕ್ತದ ಟವೆಲ್ಲು ಸಿಗುತ್ತದೆ, ಹೆಣ ಸಿಗುವುದಿಲ್ಲ. ಅವನ ಮನೆಯಲ್ಲಿ ಮಾತ್ರ ಒಂದು ಪರಸಿ ಹೊಸದಾಗಿ ಹಾಸಿದೆ. "ಈ ಗುರುನಾಥ ಯಾರು?" ಎಂದೆ. "ಕಲ್ಪನಾ ಅಪ್ಪಾ, ಬರೇ ಕಲ್ಪನಾ," ಎಂದಳು. ಅವಳು ಹಾಗೆ ಹೇಳುವಾಗ ನಾನು ಹಾಲಿನ ಪಾತ್ರೆ ಮೂಸುತ್ತಿದ್ದೆ.

ಶೂಟಿಂಗ್ ನಮ್ಮ ಮನೆಯಲ್ಲೇ ನಡೆಯಿತು. ಕ್ಯಾಮೆರಾ ಹಿಡಿದವನು ಶಹಾಬಾದಿನ ಇರ್ಫಾನ್, ಅಶ್ವಿನಿಯ ಸಹಪಾಠಿ. ಕ್ಯಾಮೆರಾ ಎಂದರೆ ಅವನ ಫೋನು. ಗುರುನಾಥನ ಹೆಂಡತಿಯ ಪಾತ್ರಕ್ಕೆ ಹುಡುಗಿಯರು ಯಾರೂ ಒಪ್ಪದೆ, ಕೊನೆಗೆ ಮಹಾದೇವಿಯನ್ನೇ ನಿಲ್ಲಿಸಿದರು. ಅವಳಿಗೆ ಇದ್ದದ್ದು ಒಂದೇ ಮಾತು. ಕಿಟಕಿಯ ಹೊರಗೆ ನೋಡುತ್ತ, "ಅವರು ಹೋದ ಮ್ಯಾಲ ಮನಿ ಭಾಳ ಶಾಂತ ಆಗ್ಯದ ನೋಡ್ರಿ," ಎನ್ನಬೇಕು. ಮದುವೆಯಾದಾಗಿನಿಂದ ಒಂದು ಫೋಟೋಕ್ಕೂ ನೆಟ್ಟಗೆ ನಿಲ್ಲದವಳು ಆ ಮಾತನ್ನು ಒಂದೇ ಏಟಿಗೆ, ಕಣ್ಣಲ್ಲಿ ಒಂದು ಬಗೆಯ ತಂಪು ತಂದುಕೊಂಡು, ಎಷ್ಟು ಸಹಜವಾಗಿ ಹೇಳಿದಳೆಂದರೆ ಇರ್ಫಾನ್ ಫೋನು ಇಳಿಸಿ, "ವಾಹ್ ಆಂಟಿ! ಎಷ್ಟ್ ದಿನದಿಂದ ಪ್ರಾಕ್ಟೀಸ್ ಮಾಡ್ಲಿಕತ್ತಿದ್ರಿ?" ಎಂದ. "ಲಗ್ನ ಆದಾಗಿಂದ," ಎಂದು ಅವಳು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ದಿನ ರೊಟ್ಟಿಯ ಸದ್ದು ನನಗೆ ಎಂದಿನ ಹಾಗೆ ಕೇಳಿಸಲಿಲ್ಲ.

ಆಮೇಲೆ ಕೊಲೆಗಾರನ ಕಾಲುಗಳನ್ನು ತೋರಿಸಬೇಕಾಯಿತು. ಇರ್ಫಾನನಿಗೆ ನಮ್ಮ ಬಾಗಿಲ ಸಂದಿ ಕಂಡದ್ದೇ ತಡ, ನಿಧಿ ಸಿಕ್ಕವನ ಹಾಗೆ ಅಂಗಳದಲ್ಲಿ ಬೋರಲು ಮಲಗಿಬಿಟ್ಟ. ಬಾಗಿಲು ಮುಚ್ಚಿದೆ, ಹೊರಗಿನಿಂದ ನೋಡಿದರೆ ಸಂದಿಯಲ್ಲಿ ಎರಡು ಪಾದಗಳು ಮಾತ್ರ ಕಾಣುತ್ತವೆ, ಯಾರೆಂದು ಗೊತ್ತಾಗುವುದಿಲ್ಲ. ಅದು ಅವನ ಕಲ್ಪನೆ. ನನ್ನ ಚೀಲವನ್ನು ಎತ್ತಿ ಅತ್ತ ಎಸೆದರು, ಇನ್ನೊಮ್ಮೆ ಬೇಕಾದೀತು, ಶನಿವಾರದವರೆಗೆ ಸಂದಿ ಮುಚ್ಚಬೇಡಿ ಎಂದರು. ಪಾದಗಳಿಗೆ ಯಾರೂ ಸಿಗಲಿಲ್ಲ. "ಅಪ್ಪಾ, ನೀನೇ ಜರಾ ಬಾಗಲ ಹಿಂದ ನಿಂದ್ರು. ಕಾಲಷ್ಟೇ ಬೇಕು," ಎಂದಳು ಅಶ್ವಿನಿ. ಕೊಲೆಯಾದವನ ಫೋಟೋ ನನ್ನದು, ಕೊಂದವನ ಕಾಲೂ ನನ್ನದೇ ಹೇಗೆ ಎಂದು ಕೇಳಿದೆ. "ಫೋಟೋದಾಗ ಕಾಲು ಎಲ್ಲಿ ಕಾಣ್ತಾವ ಅಂಕಲ್?" ಎಂದ ಇರ್ಫಾನ್ ನೆಲದಿಂದಲೇ. ತರ್ಕಕ್ಕೆ ಸೋತು ನಿಂತೆ. ಮರುದಿನ ರಾವೂರ ಗಣಿಗೂ ಅವರ ಬೆನ್ನಿಗೆ ಹೋದೆ. ಗುಂಡಿಯಲ್ಲಿ ಹಸಿರು ನೀರು, ದಂಡೆಯಲ್ಲಿ ಸಡಿಲ ಕಲ್ಲು, ಅದರ ಮೇಲೆ ಕುಪ್ಪಳಿಸುವ ನಾಲ್ಕಾರು ಹುಡುಗರು. ಅವರು ಹೆಜ್ಜೆ ಇಟ್ಟಾಗಲೆಲ್ಲ ನಾನು ಹಿಂದಿನಿಂದ "ಹುಷಾರ್!" ಎಂದು ಕೂಗಿ ದೃಶ್ಯ ಕೆಡಿಸಿದೆನಂತೆ. ಕೊನೆಗೆ ಇರ್ಫಾನ್ ಸೋತು ಆ ಕೂಗನ್ನು ಹಾಗೇ ಉಳಿಸಿಕೊಂಡ. ಟ್ರೇಲರಿನಲ್ಲಿ ಗಣಿಯ ಆಳದಿಂದ ಬರುವ ನಿಗೂಢ ಧ್ವನಿ ಎಂದು ಜನ ಈಗ ಹೊಗಳುವುದು ಅದನ್ನೇ.

ಇಷ್ಟೆಲ್ಲ ಆದಮೇಲೆ ನನ್ನನ್ನು ಕೊಂದವರು ಯಾರೆಂದು ತಿಳಿಯುವ ಹಕ್ಕು ನನಗಿದೆಯೋ ಇಲ್ಲವೋ ನೀವೇ ಹೇಳಿ. ಅಶ್ವಿನಿಯನ್ನು ಕೇಳಿದರೆ, "ಅದು ಸೀಕ್ರೆಟ್ ಅಪ್ಪಾ," ಎಂದು ಮುಖ ಬೇರೆ ಕಡೆ ತಿರುಗಿಸಿದಳು. ಇರ್ಫಾನನನ್ನು ಕೇಳಿದರೆ, "ನಂಗೂ ಹೇಳಿಲ್ಲ ಅಂಕಲ್, ಖುದಾ ಕಸಮ್," ಎಂದ. ಮಹಾದೇವಿಯನ್ನು ಕೇಳಿದೆ. "ಯಾರರ ಇರ್ಲಿ, ಪುಣ್ಯಾತ್ಮರು," ಎಂದಳು. ಅಶ್ವಿನಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಕೂತಲ್ಲಿ ಉಗುರು ಕಚ್ಚುತ್ತಿದ್ದಳು. ಹೆತ್ತ ತಂದೆಯಿಂದ ಇಷ್ಟು ದೊಡ್ಡ ಗುಟ್ಟು ಮುಚ್ಚಿಟ್ಟ ಪಾಪದ ಭಾರ ಎಂದುಕೊಂಡೆ. ಅವಳ ಹತ್ತಿರ ಗುಟ್ಟೇ ಇಲ್ಲ, ಕೊಂದವರು ಯಾರೆಂದು ಅವಳಿಗೇ ಹೊಳೆದಿಲ್ಲ, ಶನಿವಾರ ಹತ್ತಿರ ಬರುತ್ತಿದೆ ಎಂದು ಒಳಗೊಳಗೇ ಬೇಯುತ್ತಿದ್ದಾಳೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಎಲ್ಲವನ್ನೂ ಸಂಶಯಿಸುವವನಿಗೆ ಇದೊಂದು ಸಂಶಯ ಯಾಕೆ ಬರಲಿಲ್ಲವೋ!

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಮನುಷ್ಯ ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಚೌಕಿನಲ್ಲಿ ಫ್ಲೆಕ್ಸ್ ಬೇಕು. ಹುಟ್ಟುಹಬ್ಬದ್ದಾದರೆ ಮಾಡಿಸಿದವರೇ ಬಂದು, ಎತ್ತರ ಸಾಲದೆಂದು ಜಗಳ ತೆಗೆದು, ಮುಂದೆ ನಿಂತು ಕಟ್ಟಿಸಿಕೊಂಡು ಹೋಗುತ್ತಾರೆ. ಶ್ರದ್ಧಾಂಜಲಿಯದು ಹಾಗಲ್ಲ. ದುಃಖದಲ್ಲಿರುವ ಮನೆಯವರನ್ನು ಹಗ್ಗ ಎಲ್ಲಿ, ಬಂಬು ಎಲ್ಲಿ ಎಂದು ಕೇಳುವುದು ಮರ್ಯಾದೆಯಲ್ಲ. ಆದ್ದರಿಂದ ಅಂಗಡಿಯವನೇ ಯಾರಿಗೂ ತೊಂದರೆ ಕೊಡದೆ, ಮುದ್ರಿಸಿದ ಕೂಡಲೇ ತಾನೇ ಒಯ್ದು ಕಟ್ಟಿಬಿಡುತ್ತಾನೆ. ಟ್ರೇಲರಿನ ಒಂದು ದೃಶ್ಯಕ್ಕೂ ಪ್ರಚಾರಕ್ಕೂ ಗುರುನಾಥನ ಶ್ರದ್ಧಾಂಜಲಿ ಫ್ಲೆಕ್ಸ್ ಬೇಕಾಗಿತ್ತು. ಇರ್ಫಾನ್ ನನ್ನ ಫೋಟೋ, ಬರಹ, ಎಲ್ಲವನ್ನೂ ವಾಡಿಯ ಫ್ಲೆಕ್ಸ್ ಅಂಗಡಿಯ ಚಂದುವಿಗೆ ಫೋನಿನಲ್ಲಿ ಕಳಿಸಿ, ಕಾಲೇಜು ಮುಗಿಸಿ ಬಂದು ಒಯ್ಯುತ್ತೇನೆ ಎಂದುಕೊಂಡು ಸುಮ್ಮನಾದ. ಕಟ್ಟಬೇಡ ಎಂದು ಚಂದುವಿಗೆ ಹೇಳಲಿಲ್ಲ.

ಅಂದು ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ನಾಷ್ಟಾಕ್ಕೆ ಒಗ್ಗರಣೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬರೋಣವೆಂದು ಚೌಕಿಗೆ ಹೋದೆ. ಹೋಟೆಲಿನವನು ನನ್ನನ್ನು ನೋಡಿದ. ಆಮೇಲೆ ನನ್ನ ತಲೆಯ ಮೇಲೆ ನೋಡಿದ. ಮತ್ತೆ ನನ್ನನ್ನು ನೋಡಿದ. ಝಾರಿ ಸೌಟಿನಲ್ಲಿದ್ದ ಮಿರ್ಚಿ ಎಣ್ಣೆಗೆ ವಾಪಸು ಬಿತ್ತು. ಬಾಕಿನ ಮೇಲೆ ಕೂತ ಇಬ್ಬರು ಎದ್ದು ನಿಂತರು. ನನಗೆ ಯಾರೂ ಹಾಗೆ ಎದ್ದು ನಿಲ್ಲುವ ರೂಢಿ ಇಲ್ಲ. ಏನೋ ಇದೆ ಎಂದು ಮೆಲ್ಲಗೆ ತಿರುಗಿದರೆ, ಕಂಬದಿಂದ ಕಂಬಕ್ಕೆ ನಾನು. ಕೊರಳಲ್ಲಿ ಚೆಂಡು ಹೂವಿನ ಹಾರ, ಎರಡು ಕಡೆ ದೀಪ, ಹೆಗಲ ಮೇಲಿಂದ ಹಾರಿಹೋಗುತ್ತಿರುವ ಬಿಳಿ ಪಾರಿವಾಳಗಳು. ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ ಗುರುನಾಥನ ಹೆಸರಿಲ್ಲ. ದಪ್ಪಕ್ಷರದಲ್ಲಿ ನನ್ನ ಹೆಸರು, ಶರಣಪ್ಪ.

ಚಂದುವಿನ ಅಂಗಡಿಗೆ ಓಡಿದೆ. ಅವನಿಗೆ ನನ್ನನ್ನು ಕಂಡು ಹೆದರಿಕೆಯಾಗಲಿಲ್ಲ. ಸ್ವಲ್ಪ ಬೇಸರವೇ ಆದ ಹಾಗಿತ್ತು.

"ಅಯ್ಯ ಅಣ್ಣೋರೆ, ನೀವು ಅದೀರಿ?"

"ಅದೀನಿ! ಗುರುನಾಥ ಅಂತ ಬರದು ಕಳಸಿದ್ರ ನನ್ನ ಹೆಸರು ಯಾಕ ಹಾಕಿದಿ?"

"ನಿಮ್ಮ ಫೋಟೋಕ್ಕ ಗುರುನಾಥ ಅಂತ ಬರದಿದ್ರು. ದುಃಖದಾಗ ಹುಡುಗರು ತಪ್ಪು ಬರದಾರಂತ ನಾನೇ ತಿದ್ದೀನ್ರಿ. ನನಗ ನಿಮ್ಮ ಹೆಸರು ಗೊತ್ತಿಲ್ಲೇನು?"

"ಕೆಳಗ ಸಿನಿಮಾದ ಹೆಸರು ಇತ್ತಲ್ಲೋ? 'ಶೀಘ್ರದಲ್ಲಿ ನಿಮ್ಮ ಮುಂದೆ' ಅಂತ?"

"ಅದನ್ನೂ ತಗದೀನ್ರಿ. ಸತ್ತೋರ ಫೋಟೋ ಕೆಳಗ ಶೀಘ್ರದಲ್ಲಿ ನಿಮ್ಮ ಮುಂದೆ ಅಂತ ಇದ್ರ ಮಂದಿ ಅಂಜಂಗಿಲ್ಲೇನು? ಅದರ ಬದಲಿ 'ದುಃಖತಪ್ತ ಕುಟುಂಬ ವರ್ಗ ಹಾಗೂ ಗೆಳೆಯರ ಬಳಗ' ಅಂತ ನಾನೇ ಹಾಕೀನಿ. ತಾರೀಖು ಮಾತ್ರ ಮುಟ್ಟಿಲ್ಲ ನೋಡ್ರಿ. ಅದು ಮನಿಯೋರ ವಿಚಾರ, ಅದರಾಗ ನಾ ಕೈ ಹಾಕಂಗಿಲ್ಲ."

ತಾರೀಖು! ಮತ್ತೆ ಚೌಕಿಗೆ ಓಡಿ ನೋಡಿದೆ. ಮರಣದ ದಿನಾಂಕ ಎಂದು ಬರುವ ಶನಿವಾರದ್ದನ್ನು ಹಾಕಿದ್ದರು. ಟ್ರೇಲರ್ ತೋರಿಸುವ ದಿನ ಜನರ ತಲೆಯಲ್ಲಿ ಕೂರಲಿ ಎಂಬ ಪ್ರಚಾರದ ಚಾಲಾಕಿ ಅದು ಎಂದು ಆಮೇಲೆ ತಿಳಿಯಿತು. ಮುಂದೆ ಬರಲಿರುವ ದಿನ ಈಗಾಗಲೇ ಸತ್ತಿರುವ ಮನುಷ್ಯನನ್ನು ಕಂಡು ಯಾರಿಗೂ ಏನೂ ಅನಿಸಿರಲಿಲ್ಲ. ಫ್ಲೆಕ್ಸಿನಲ್ಲಿ ಜನ ಫೋಟೋ ನೋಡುತ್ತಾರೆ, ಕೈ ಮುಗಿಯುತ್ತಾರೆ, ಫೋನು ತೆಗೆಯುತ್ತಾರೆ. ನಾನು ಫ್ಲೆಕ್ಸ್ ಬಿಚ್ಚಿಸಿ ಮನೆ ಮುಟ್ಟುವಷ್ಟರಲ್ಲಿ ನಾನು ಓಂ ಶಾಂತಿಯಾಗಿ ಶಹಾಬಾದ್, ಚಿತ್ತಾಪುರ, ಸೇಡಮ್ಮುಗಳ ಸ್ಟೇಟಸ್ಸುಗಳನ್ನು ದಾಟಿ ಚಿಂಚೋಳಿಯವರೆಗೆ ಹೋಗಿದ್ದೆ. ಬದುಕಿದ್ದಾಗ ನನ್ನ ಯಾವ ಸುದ್ದಿಯೂ ಅಷ್ಟು ದೂರ ಪ್ರಯಾಣ ಮಾಡಿದ್ದಿಲ್ಲ.

ನಾನು ಬದುಕಿದ್ದೇನೆ, ಆದರೆ ಇವತ್ತು ಪಾಳಿಗೆ ಬರುವುದಿಲ್ಲ ಎಂದು ಕಾರ್ಖಾನೆಗೆ ತಿಳಿಸೋಣವೆಂದು ಲ್ಯಾಬಿನ ನನ್ನ ಜೊತೆಗಾರ ಮಲ್ಲಿನಾಥನಿಗೆ ಫೋನು ಮಾಡಿದೆ. "ಯಾರ್ರಿ ನೀವು? ಶರಣಪ್ಪನವರ ಫೋನು ನಿಮ್ಮ ಕೈಯಾಗ ಹ್ಯಾಂಗ ಬಂತು?" ಎಂದು ಗದರಿದ. ನನ್ನದೇ ಫೋನು ಕದ್ದ ಆಪಾದನೆ ಕಳೆದುಕೊಳ್ಳಲು ನಾನು ಲ್ಯಾಬಿನ ಯಂತ್ರದ ಯಾವ ಗುಂಡಿ ಕೆಟ್ಟಿದೆ ಎಂಬುದನ್ನೆಲ್ಲ ಹೇಳಬೇಕಾಯಿತು. ಆಮೇಲೆ ಅವನ ದನಿ ಬದಲಾಯಿತು. "ನೀವು ಅದೀರಂದ್ರ ಭಾಳ ಚಲೋ ಆಯ್ತು ಬಿಡ್ರಿ," ಎಂದ. ಆದರೆ ಹಿಂದೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಕಿಟಕಿ ಪಕ್ಕದ, ಗಾಳಿ ಬರುವ ನನ್ನ ಕುರ್ಚಿಯ ಸದ್ದು ನನಗೆ ಗೊತ್ತಾಗುತ್ತದೆ. "ಮಲ್ಲಿನಾಥ, ನನ್ನ ಕುರ್ಚಿ ಮ್ಯಾಲ ಕುಂತೀರೇನು?" ಎಂದೆ. "ಇಲ್ರಿ, ಬರೇ ಕುಂತು ನೋಡ್ಲಿಕತ್ತಿದ್ದೆ," ಎಂದ.

ಕಾಲೇಜಿಗೆ ಹೊರಟಿದ್ದ ಅಶ್ವಿನಿ ಹೋಗದೆ ಉಳಿದು, ಸಿಕ್ಕಸಿಕ್ಕವರಿಗೆಲ್ಲ ಫೋನು ಹಚ್ಚಿ, "ನಮ್ಮಪ್ಪ ಅರಾಮ ಅದಾನ್ರಿ," ಎಂದು ಹೇಳುತ್ತಿದ್ದಳು. ಚಿಂಚೋಳಿಯಲ್ಲಿ ನನ್ನ ಅಕ್ಕ ಶಾಂತಮ್ಮ ಇದ್ದಾಳೆ. ಅವಳ ಫೋನು ಮಾತ್ರ ಮನೆಯಲ್ಲೇ ಬಡಿದುಕೊಂಡಿತು. ಅವಳು ಆಗಲೇ ಬಸ್ಸು ಹತ್ತಿದ್ದಳು. ಮಧ್ಯಾಹ್ನ ಮಹಾದೇವಿ ಜೋಳ ಹಿಡಿದುಕೊಂಡು ಗಿರಣಿಗೆ ಹೋದಳು. ಗಂಡ ಸತ್ತ ಸುದ್ದಿ ಊರೆಲ್ಲ ಹಬ್ಬಿರುವಾಗ ಗಿರಣಿಗೆ ಹೋಗುವುದು ಸರಿಯೇ ಎಂದು ಕೇಳಿದ್ದಕ್ಕೆ, "ಸತ್ತೋರು ರೊಟ್ಟಿ ಉಣ್ಣಂಗಿಲ್ಲಂದ್ರ ಹೇಳ್ರಿ, ಹೋಗಂಗಿಲ್ಲ," ಎಂದಳು. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಅಕ್ಕನ ದನಿ ಎದ್ದಿತು.

ನಮ್ಮ ಕಡೆಯ ಹಳೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಹೋದವರನ್ನು ಹೆಸರು ಹಿಡಿದು ಕರೆದು, ಅವರ ಗುಣ ಒಂದೊಂದನ್ನೇ ತೆಗೆದು, ರಾಗ ಎಳೆದು ಎಳೆದು ಅಳುತ್ತಾರೆ. ಅದರಲ್ಲಿ ನಮ್ಮ ಅಕ್ಕನದು ಎತ್ತಿದ ಕೈ. ನಾನು ಕೂಡಲೇ ಓಡಿ ಹೋಗಿ, ಅಕ್ಕಾ, ನಾನಿದ್ದೇನೆ ಎನ್ನಬೇಕಾಗಿತ್ತು. ಯಾವ ತಮ್ಮನಾದರೂ ಹಾಗೆ ಮಾಡುತ್ತಿದ್ದ. ಬಾಗಿಲವರೆಗೆ ಬಂದೆ ಕೂಡ. ಆದರೆ ಅಷ್ಟರಲ್ಲಿ ಅವಳು ಅಂಗಳಕ್ಕೆ ಬಂದು, ಮುಚ್ಚಿದ ಬಾಗಿಲ ಮುಂದೆ ಕುಸಿದು ಕೂತು, ಮೊದಲ ಸಾಲು ಎತ್ತಿದ್ದಳು:

"ನನ ತಮ್ಮಾ... ಹಾಕಿದ ಕೀಲಿ ಜಗ್ಗಿ ಜಗ್ಗಿ ನೋಡ್ತಿದ್ದ್ಯಲ್ಲೋ... ಈಗ ನಿನ ಬಾಗಲಾ ಯಾರು ಜಗ್ಗಿ ನೋಡಬೇಕೋ..."

ನನ್ನ ಕೈ ಚಿಲಕದ ಮೇಲೆಯೇ ನಿಂತಿತು. ನಿಮ್ಮ ಬಗ್ಗೆ ನಿಮ್ಮ ಬೆನ್ನ ಹಿಂದೆ ಜನ ಏನು ಹೇಳುತ್ತಾರೆ ಎಂಬ ಸಂಶಯ ನಿಮಗೂ ಇರಬಹುದು. ನನಗೆ ಜನ್ಮದಿಂದ ಇದೆ. ಅದಕ್ಕೆ ಉತ್ತರ ಅಂಗಳದಲ್ಲಿ ಕೂತು ಹಾಡುತ್ತಿದ್ದರೆ ಬಾಗಿಲು ತೆಗೆಯುವ ಧೈರ್ಯ ಯಾರಿಗಿದೆ?

"ಮುಗಿಲಾಗ ಮೋಡ ಇಲ್ದ ದಿನಾ ಛತ್ರಿ ಹಿಡದು ಬರ್ತಿದ್ದ್ಯಲ್ಲೋ... ಬಸ್ಸಿನ ಡ್ರೈವರಗ ರಾತ್ರಿ ನಿದ್ದಿ ಆಗ್ಯದೇನಂತ ಕೇಳಿ ಬೈಸ್ಕೊಂತಿದ್ದ್ಯಲ್ಲೋ... ನಾ ಕೊಟ್ಟ ಉಂಡಿನೂ ಮೂಸಿ ನೋಡ್ತಿದ್ದ್ಯಲ್ಲೋ ನನ ತಮ್ಮಾ..."

ಇಲ್ಲಿಯವರೆಗೆ ಕೇಳಿ ನನಗೆ ಸ್ವಲ್ಪ ಅಸಮಾಧಾನವೇ ಆಗಿತ್ತು. ಗುಣ ಎಂದು ಎತ್ತಿಕೊಂಡದ್ದೆಲ್ಲ ಇಂಥವೇ ಎಂದರೆ! ಅಷ್ಟರಲ್ಲಿ ಅವಳು ಒಮ್ಮೆ ಮೂಗು ಒರೆಸಿಕೊಂಡಳು. ರಾಗ ಕೆಳಗಿಳಿಯಿತು.

"ನನ ಮಗಾ ಜ್ವರದಾಗ ಬಿದ್ದಾಗ ದವಾಖಾನಿ ಕಟ್ಟಿ ಬಿಟ್ಟು ಎದ್ದಿಲ್ಲಲ್ಲೋ... ಡಾಕ್ಟರಗ ಕೇಳಿ ಕೇಳಿ ಅವರ ತಲಿ ತಿಂದು ನನ ಮಗನ ಉಳಿಸಿದ್ದ್ಯಲ್ಲೋ... ನಿನ್ನಂಥ ಅಂಜೋ ಮನಷ್ಯಾ ಒಬ್ಬಾಂವ ಮನ್ಯಾಗಿದ್ರ ಉಳದೋರೆಲ್ಲ ಧೈರ್ಯಲೆ ಮಕ್ಕೋತಿದ್ದೆವಲ್ಲೋ... ಈಗ ನಾವು ಹ್ಯಾಂಗ ಮಕ್ಕೊಬೇಕೋ ನನ ತಮ್ಮಾ..."

ಬಾಗಿಲ ಹಿಂದೆ ನಿಂತು ನಾನು ಅತ್ತೆ ಎಂದರೆ ನಗಬೇಡಿ. ಇಷ್ಟು ವರ್ಷ ಅಂಜುಬುರುಕ ಎಂದು ಕರೆಸಿಕೊಂಡವನಿಗೆ, ಆ ಅಂಜಿಕೆಯ ನೆರಳಿನಲ್ಲಿ ಯಾರೋ ನಿಶ್ಚಿಂತೆಯಿಂದ ಮಲಗಿದ್ದರು ಎಂದು ಮೊದಲ ಸಲ ತಿಳಿಯಿತು. ಚಿಲಕ ತೆಗೆದೆ. ಅಕ್ಕ ತಲೆ ಎತ್ತಿ ನೋಡಿದಳು. ಕಿರುಚಲಿಲ್ಲ, ಮೂರ್ಛೆ ಹೋಗಲಿಲ್ಲ. ಎದ್ದು ಬಂದು ಬೆನ್ನಿಗೆ ಧಪ್ಪನೆ ಒಂದು ಗುದ್ದಿ, "ಚಹಾ ಮಾಡಸು, ಗಂಟಲು ಒಣಗ್ಯದ," ಎಂದಳು. ಆ ಗಾಬರಿಯಲ್ಲಿ ನನಗೆ ಅವಳ ಸಮಾಧಾನ ಅತಿಯಾಯಿತೆಂದು ಅನಿಸಲಿಲ್ಲ. ಮನೆಯೊಳಗೆ ಮಾಳಿಗೆಯ ಮೆಟ್ಟಿಲ ಮೇಲೆ, ಫೋನು ಕಿವಿಗೆ ಹಿಡಿದುಕೊಂಡೇ ಮಾತು ನಿಲ್ಲಿಸಿ, ಅಶ್ವಿನಿ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತ ಕೂತಿದ್ದಳೆಂಬುದೂ ಆಗ ಗಮನಕ್ಕೆ ಬರಲಿಲ್ಲ.

ಮರುದಿನ ಕಾಲೇಜಿನಿಂದ ಬುಲಾವ್ ಬಂತು. ಜೀವಂತ ಮನುಷ್ಯನ ಸಾವಿನ ಸುದ್ದಿ ಹಬ್ಬಿಸಿದ್ದಾರೆಂದು ಯಾರೋ ದೂರು ಹೇಳಿದ್ದರು. 'ಪರಸಿ ಕೆಳಗ' ಶನಿವಾರದ ಪ್ರದರ್ಶನದಿಂದ ಹೊರಗೆ. ತೋರಿಸಬೇಕೆಂದಿದ್ದರೆ ತೀರಿಕೊಂಡವರು ಸ್ವತಃ ವೇದಿಕೆಗೆ ಬಂದು ತಮ್ಮದೇನೂ ತಕರಾರಿಲ್ಲ ಎನ್ನಬೇಕು ಎಂದು ಪ್ರಾಂಶುಪಾಲರು ಹೇಳಿಬಿಟ್ಟರಂತೆ. ಅಶ್ವಿನಿ ನನ್ನ ಮುಖ ನೋಡಿದಳು. ನನಗೆ ವೇದಿಕೆಯೆಂದರೆ ಬೆವರು. ಅದಕ್ಕಿಂತ ಹೆಚ್ಚಾಗಿ, ಶನಿವಾರವೆಂದರೆ ಫ್ಲೆಕ್ಸಿನಲ್ಲಿ ಅಚ್ಚಾದ ನನ್ನ ಮರಣದ ದಿನ. ಅಂಥ ದಿನ ರೈಲು ಹತ್ತುವುದು ಬುದ್ಧಿವಂತಿಕೆಯೇ? "ಮನ್ಯಾಗ ಕುಂತ್ರ ಪಂಖಾ ಬೀಳ್ತದ, ನಡೀರಿ," ಎಂದಳು ಮಹಾದೇವಿ. ನಾನು ಪಂಖಾ ನೋಡಿದೆ. ನಿಜವಾಗಿ ಅಲುಗುತ್ತಿತ್ತು. ಹೊರಟೆ.

ರೈಲಿನಲ್ಲಿ ಬಾಗಿಲಿನಿಂದ ದೂರ, ಕಿಟಕಿಯಿಂದ ದೂರ, ನಡುವೆ ಕೂತೆ. ಚಿತ್ತಾಪುರದಲ್ಲಿ ಹತ್ತಿದ ಒಬ್ಬರು ನನ್ನನ್ನೇ ದಿಟ್ಟಿಸಿ, "ನಿಮ್ಮನ್ನ ಸ್ಟೇಟಸ್ಸಿನಾಗ ನೋಡೀನಿ. ಯಾರ್ರಿ ನಿಮ್ಮನ್ನ ಕೊಂದಾಂವ?" ಎಂದರು. ಆ ಹೊತ್ತಿಗೆ ಸಿನಿಮಾ ಸುದ್ದಿಯೂ ಹಬ್ಬಿತ್ತು. ಅದೇ ಗೊತ್ತಾಗಿಲ್ಲ, ಹುಡುಕುತ್ತಿದ್ದೇನೆ ಎಂದೆ. ಇಡೀ ಡಬ್ಬಿ ಆ ಚರ್ಚೆಗೆ ಬಿತ್ತು. ಹೆಂಡತಿಯೇ ಎಂದು ಬಹುಮತ. ಮಹಾದೇವಿ ಎದುರಿಗೇ ಕೂತು ಶೇಂಗಾ ಸುಲಿಯುತ್ತ ಎಲ್ಲರ ಮಾತಿಗೂ ತಲೆ ಆಡಿಸುತ್ತಿದ್ದಳು. ಸೇಡಮ್ಮಿನ ಸಭಾಂಗಣ ಕಿಕ್ಕಿರಿದು ತುಂಬಿತ್ತು. ಟ್ರೇಲರ್ ನೋಡುವುದಕ್ಕಿಂತ ಸತ್ತವನನ್ನು ನೋಡಲು ಬಂದವರೇ ಹೆಚ್ಚು. ಇದಕ್ಕಿಂತ ದೊಡ್ಡ ಪ್ರಚಾರ ಯಾವ ಗುಂಪೂ ಮಾಡಿರಲಿಲ್ಲ ಎಂದು ಇರ್ಫಾನ್ ಕಿವಿಯಲ್ಲಿ ಹೇಳಿದ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತೆ. ಅದರ ವೈರು ಸುಲಿದಿತ್ತು. ಮುಟ್ಟದೆ, ಒಂದು ಹೆಜ್ಜೆ ಹಿಂದೆ ಸರಿದು, "ನಾನು ಸತ್ತಿಲ್ಲ. ಸತ್ತಿದ್ದರೂ ನನ್ನ ತಕರಾರಿಲ್ಲ," ಎಂದು ಕೂಗಿ ಕೆಳಗಿಳಿದೆ. ಚಪ್ಪಾಳೆ ಬಿತ್ತು.

ಟ್ರೇಲರ್ ಓಡಿತು. ಮಹಾದೇವಿಯ ಶಾಂತ ಮನೆಯ ಮಾತಿಗೆ ಹೆಂಗಸರ ಕಡೆಯಿಂದ ಸಿಳ್ಳೆ ಬಂತು. ಗಣಿಯಿಂದ ನನ್ನ "ಹುಷಾರ್" ಕೇಳಿ ನಾನೇ ಬೆಚ್ಚಿದೆ. ಕೊನೆಗೆ ಮುಚ್ಚಿದ ಬಾಗಿಲು, ಸಂದಿಯಲ್ಲಿ ಎರಡು ಪಾದ, ಕತ್ತಲೆ. ಅಶ್ವಿನಿ ತೀರ್ಪುಗಾರರ ಮೇಜಿಗೆ ಹೋಗಿ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಹಿರಿಯ ತೀರ್ಪುಗಾರರು ಮೊದಲು ಹುಬ್ಬೇರಿಸಿದರು, ಆಮೇಲೆ ಮೆಲ್ಲಗೆ ತಿರುಗಿ ಸಭೆಯಲ್ಲಿ ನನ್ನನ್ನು ಹುಡುಕಿ ನೋಡಿ, ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಯಾಕೆ ನನ್ನನ್ನೇ ನೋಡಿದರು ಎಂಬ ಸಂಶಯದಲ್ಲಿ, 'ಪರಸಿ ಕೆಳಗ' ಗೆದ್ದಿತೆಂದು ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಅಶ್ವಿನಿ ಓಡಿಬಂದು ಅಪ್ಪಿಕೊಂಡಾಗಲೇ ಗೊತ್ತಾದದ್ದು.

"ಈಗರ ಹೇಳವಾ, ಯಾರು ಕೊಂದೋರು?" ಎಂದೆ ವಾಪಸು ರೈಲಿನಲ್ಲಿ.

"ಯಾರೂ ಕೊಂದಿಲ್ಲಪ್ಪಾ. ಗುರುನಾಥ ಸತ್ತೇ ಇಲ್ಲ. ತಾ ಹೋದ್ರ ಯಾರು ಅಳ್ತಾರ, ಏನಂದು ಅಳ್ತಾರ ಅಂತ ಕೇಳಬೇಕಂತ ಸಂಶಯ ಬರಲಿ ಅಂತ ತಾನೇ ಹೊಸ ಪರಸಿ ಹಾಸಿ, ರಕ್ತದ ಟವೆಲ್ಲು ಗಣಿ ದಂಡ್ಯಾಗ ಬಿಟ್ಟು, ತನ್ನ ಮನಿ ಬಾಗಲ ಹಿಂದ ತಾನೇ ಅಡಗಿ ನಿಂತಾನ. ಆ ಕಾಲು ಅವಂದೇ."

"ಇದು ನಿಂಗ ಯಾವಾಗ ಹೊಳೀತು?"

ಅವಳು ಅವ್ವನ ಕಡೆ ನೋಡಿದಳು. ಮಹಾದೇವಿ ನನ್ನ ಪಾದಗಳ ಕಡೆ ನೋಡಿ ನಕ್ಕಳು. ನಾನು ಚಪ್ಪಲಿಯನ್ನು ಸೀಟಿನ ಕೆಳಗೆ ಎಳೆದುಕೊಂಡೆ.

ಇದನ್ನು ನುಂಗಿಕೊಂಡೆ. ಮಗಳ ಸಿನಿಮಾ ಆಗುತ್ತದೆ. ಅದಕ್ಕೆ ನನ್ನ ಮಾನ ಎಷ್ಟರದು? ಆದರೆ ಮನೆಗೆ ಬಂದು ಬಾಗಿಲ ಸಂದಿಗೆ ಮತ್ತೆ ಚೀಲ ತುರುಕುತ್ತಿದ್ದಾಗ ಚಿಂಚೋಳಿಯಿಂದ ಅಕ್ಕ ಫೋನು ಮಾಡಿದಳು. ಗೆದ್ದ ಸುದ್ದಿ ಹೇಳಿದೆ. ಆಮೇಲೆ ಮೆತ್ತಗೆ, "ಅಕ್ಕಾ, ಅವತ್ತು ನೀ ಅಳೋದು ನಾ ಪೂರಾ ಕೇಳಿಲ್ಲ. ಕಡೀಕ ಬಂದೆ," ಎಂದೆ.

"ಸುಳ್ಳು ಬ್ಯಾಡ," ಎಂದಳು ಅಕ್ಕ. "ಬಾಗಲ ಸಂದ್ಯಾಗ ನಿನ್ನ ಕಾಲು ಕಾಣ್ಲಿಕತ್ತಿದ್ದವು. ನಾ ಎತ್ತಿ ಆಡಿಸಿದ ಕಾಲು ನನಗ ಗುರ್ತು ಸಿಗಂಗಿಲ್ಲೇನು?"

ತುರುಕುತ್ತಿದ್ದ ಚೀಲ ಅಲ್ಲೇ ಬಿಟ್ಟೆ. "ಯಾವಾಗ ಕಂಡವು ಅಕ್ಕಾ? ದವಾಖಾನಿ ಮಾತಿಗಿ ಮೊದಲೋ, ಆಮ್ಯಾಲೋ?"

"ಅದು ನಾ ಹೇಳಂಗಿಲ್ಲ," ಎಂದು ಫೋನು ಇಟ್ಟುಬಿಟ್ಟಳು.

ಅಂದಿನಿಂದ ಇದೇ ನನ್ನ ಕೆಲಸವಾಗಿದೆ. ಜನ್ಮದಲ್ಲಿ ಒಂದೇ ಒಂದು ಹೊಗಳಿಕೆ ಸಿಕ್ಕಿತ್ತು. ಅದು ಸತ್ತ ತಮ್ಮನಿಗೆ ಹೇಳಿದ್ದೋ, ಬಾಗಿಲ ಹಿಂದೆ ಬದುಕಿ ನಿಂತವನಿಗೆ ಕೇಳಲೆಂದು ಹೇಳಿದ್ದೋ ಗೊತ್ತಾಗಬೇಕಲ್ಲ. ಸುಮ್ಮನೆ ಕೂತವರಿಗೆ ಸಂದಿಯ ಕಾಲು ಕಾಣುತ್ತದೋ ಇಲ್ಲವೋ, ಮೂಗು ಒರೆಸಲು ತಲೆ ತಗ್ಗಿಸಿದರೆ ಮಾತ್ರ ಕಾಣುತ್ತದೋ, ಒಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಇವತ್ತು ಮತ್ತೆ ಚೀಲ ತೆಗೆದು, ಬಾಗಿಲು ಮುಚ್ಚಿ, ಅದರ ಹಿಂದೆ ನಿಂತಿದ್ದೇನೆ. ಅಂಗಳದಲ್ಲಿ ಅಕ್ಕ ಕೂತಿದ್ದಲ್ಲೇ ಮಹಾದೇವಿಯನ್ನು ಕೂರಿಸಿದ್ದೇನೆ.

"ಕಾಣ್ತಾವೇನ?" ಎಂದು ಒಳಗಿನಿಂದ ಕೂಗಿದೆ.

"ಕಾಣ್ತಾವ್ರಿ," ಎಂದಳು. "ಅಳ್ಲೇನು?"